ನಲವತ್ತನೆಯ ನಿಯಮ

ರಾತ್ರಿ ಎರಡೂ ಹತ್ತು. ನವನಗರದ ಕಂಟ್ರೋಲ್ ರೂಮಿನಲ್ಲಿ
ಏಸಿಯೊಂದೇ ಮಾತಾಡುತ್ತಿದೆ.
ಸೆಕ್ಟರ್ ಐವತ್ತೆರಡರ ಮುನ್ನೂರು ಮನೆ ಕತ್ತಲಲ್ಲೇನೂ ಇಲ್ಲ,
ದೀಪ ಉರಿಯುತ್ತಿವೆ, ಫ್ಯಾನು ತಿರುಗುತ್ತಿವೆ,
ಆದರೂ ಜಗತ್ತಿನ ಪಾಲಿಗೆ ಅವು ಇಲ್ಲ.
ಬೆಳಗಾವಿಯಿಂದ ಕೂಗಿದರೆ ಓಗೊಡುವುದಿಲ್ಲ,
ಹುಬ್ಬಳ್ಳಿಯಿಂದ ಕೂಗಿದರೂ.

ರೌಟರಿನ ಕಾಯಿದೆ ಓದುತ್ತಾ ಕೂತಿದ್ದೇನೆ, ಮೇಲಿನಿಂದ ಕೆಳಕ್ಕೆ,
ಅದು ಓದುವ ಹಾಗೆಯೇ, ತಿರುಗಿ ಮೇಲೆ ನೋಡದೆ.
ಹತ್ತನೆಯದು ಕೇಳುತ್ತದೆ: ನೀನು ಬ್ಯಾಂಕಿನವನೋ?
ಹೌದಾದರೆ ಒಳಗೆ ಬಾ. ಮುಗಿಯಿತು, ಮುಂದೆ ಯಾರೂ ತಡೆಯುವುದಿಲ್ಲ.
ಅಲ್ಲವಾದರೆ ಇಪ್ಪತ್ತರ ಹತ್ತಿರ ಹೋಗು.
ಇಪ್ಪತ್ತನೆಯದು ಸಿಡುಕ,
ಸುಳ್ಳು ವಿಳಾಸ ಹೊತ್ತು ಬಂದವರನ್ನು
ಹೊಸ್ತಿಲಲ್ಲೇ ಹಿಂದಕ್ಕಟ್ಟುತ್ತದೆ.
ಮೂವತ್ತನೆಯದು ಹೋದ ವಾರ ನಾನೇ ಬರೆದದ್ದು,
ಸೆಕ್ಟರ್ ಐವತ್ತೆರಡಕ್ಕೆಂದು.
ಬಂದವರ ಗುರುತು ಹಿಡಿಯಿತು. ಬೆನ್ನಿಗೆ ಸುಣ್ಣದ ಗೀಟು ಎಳೆಯಿತು.
ಮತ್ತೆ
ಏನೂ ಹೇಳಲಿಲ್ಲ.
ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.
ತೀರ್ಪು ಬರೆಯುವುದನ್ನೇ ನಾನು ಮರೆತಿದ್ದೆ.

ಇಲ್ಲಿ ಮೌನ ಸಮ್ಮತಿಯ ಲಕ್ಷಣವಲ್ಲ.
ಸುಮ್ಮನಿದ್ದರೆ ಮುಂದಿನವನ ಕೈಗೆ ಒಪ್ಪಿಸಿದಂತೆ.
ಮುಂದಿನದು ನಲವತ್ತು:
ಹಳೇ ಪೇಟೆಯ ನಂಬರುಗಳು. ಯಾರೇ ಇರಲಿ, ತಿರಸ್ಕರಿಸು.

ಆಗ ಹೊಳೆಯಿತು.
ಮುಳುಗಡೆಯಾದ ಓಣಿಗಳ ನಂಬರುಗಳಲ್ಲಿ ಅರ್ಧ
ಈ ಹೊಸ ಮನೆಗಳಿಗೆ ಹಂಚಿದ್ದೆವು,
ಖಾಲಿ ಬಿದ್ದಿವೆಯಲ್ಲ ಎಂದು.
ನಲವತ್ತಕ್ಕೆ ಅದನ್ನು ಯಾರೂ ತಿಳಿಸಿಲ್ಲ.
ಅದರ ಲೆಕ್ಕದಲ್ಲಿ ಆ ವಿಳಾಸಗಳ ಮೇಲೆ
ಇನ್ನೂ ಘಟಪ್ರಭೆಯ ಹಿನ್ನೀರು ನಿಂತಿದೆ.

ಮುರಿಗೆಪ್ಪ ಸರ್‌ಗೆ ಫೋನು ಹಚ್ಚಿದೆ. ರಿಟೈರಾಗಿ ಆರು ವರ್ಷ,
ಒಂದೇ ರಿಂಗಿಗೆ ಎತ್ತಿದರು.
"ಸರ, ಈ ನಲವತ್ತು ತಗದ್ ಒಗೀಲೇನ್ರಿ?"
"ತಡಿ ಫರೀದಾ, ಅವಸರ ಮಾಡಬ್ಯಾಡ.
ಅದನ್ನ ಯಾಕ ಬರದೆ ಗೊತ್ತೇನು?
ಹಳೇ ಎಕ್ಸ್‌ಚೇಂಜ್ ಬಂದ್ ಮಾಡಿದ ಮ್ಯಾಲೂ
ಕಿಲ್ಲಾದ ಅಂಗಡಿ ಕೇಳ್ಕೊಂತ ಪ್ಯಾಕೆಟ್ ಬರತಿದ್ವು.
ಈ ಡಬ್ಬಿ ಆ ಡಬ್ಬಿಗೆ ಕಳಸೂದು, ಆ ಡಬ್ಬಿ ಈ ಡಬ್ಬಿಗೆ.
ತಿರಗಿ ತಿರಗಿ ನಡುದಾರ್ಯಾಗ ಸಾಯತಿದ್ವು.
ಇಲ್ಲಪಾ, ಊರ ಎದ್ದ ಹೋಗೇತಿ, ಅಂತ
ಯಾರರೆ ಒಬ್ಬರು ಹೇಳಬೇಕಲ್ಲ?"
ಆ ಕಡೆ ಕೆಮ್ಮು. ಲೋಟ ಇಟ್ಟ ಸದ್ದು.
"ನಿನ್ನ ಮೂವತ್ತಕ್ಕ ಒಂದ್ ಮಾತು ಕಡಿಮಿ ಆಗೇತಿ. ಅದನ್ನ ಬರಿ.
ನಂದು ಅಲ್ಲೇ ಇರಲಿ, ತೆಳಗ."

ಒಂದು ಮಾತು. ಬರೆದೆ: ಸ್ವೀಕರಿಸು.
ಹತ್ತು ನಿಮಿಷದ ಗಡುವಿಟ್ಟು ಜಾರಿ ಮಾಡಿದೆ.
ಅಷ್ಟರೊಳಗೆ ನಾನು ಹೂಂ ಎನ್ನದಿದ್ದರೆ
ರೌಟರ್ ತಾನಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ,
ಏನೂ ಆಗೇ ಇಲ್ಲವೆಂಬಂತೆ.
ಅಣೆಕಟ್ಟಿನ ಗೇಟಿಗೆ ಇಂಥದೊಂದು ಗಡುವು
ಯಾರೂ ಇಟ್ಟಿರಲಿಲ್ಲ.
ನೀರು ಬರುವುದು ಗೊತ್ತಿದ್ದೂ ಅಬ್ಬಾ
ಕೊನೆಯ ದಿನ ಹಣ್ಣಿನ ಅಂಗಡಿಗೆ ಬೀಗ ಹಾಕಿ,
ಎರಡು ಸಲ ಜಗ್ಗಿ ನೋಡಿ ಬಂದಿದ್ದರು.
ಕೀಲಿ ಇವತ್ತಿಗೂ ನಮ್ಮ ಅಡುಗೆಮನೆಯ ಮೊಳೆಯಲ್ಲಿದೆ.

ನಾಲ್ಕನೆಯ ನಿಮಿಷಕ್ಕೆ ಮೊದಲ ಮನೆ ಹಸಿರಾಯಿತು.
ಆಮೇಲೆ ಹಂಚಿನ ಮೇಲೆ ಜೋಳದ ಅರಳು ಸಿಡಿದ ಹಾಗೆ
ಅಲ್ಲೊಂದು, ಇಲ್ಲೆರಡು, ಮುನ್ನೂರೂ.
ಎಂಟನೆಯ ನಿಮಿಷಕ್ಕೆ ಹೂಂ ಅಂದೆ.

ನಲವತ್ತರ ಪಕ್ಕದ ಎಣಿಕೆಯನ್ನು ಸೊನ್ನೆಗೆ ತಂದಿಟ್ಟೆ.
ಇನ್ನು ಅದಕ್ಕೇನು ಕೆಲಸ ಎಂದುಕೊಂಡು
ಫ್ಲಾಸ್ಕಿನ ಮುಚ್ಚಳ ತಿರುವಿದೆ. ಚಹಾ ಆರಿತ್ತು.
ತಲೆ ಎತ್ತುವಷ್ಟರಲ್ಲಿ ಸೊನ್ನೆ ಇದ್ದಲ್ಲಿ ಒಂದು.
ಮೂರೂ ಐದು. ಯಾರೋ, ಎಲ್ಲಿಂದಲೋ,
ಹಳೇ ಪೇಟೆಯ ಯಾವುದೋ ಬಾಗಿಲು ಕೇಳಿಕೊಂಡು ಬಂದಿದ್ದಾರೆ.
ಇಲ್ಲಪಾ ಅಂದಿದೆ ನಲವತ್ತು,
ಮುರಿಗೆಪ್ಪ ಸರ್ ದನಿಯಲ್ಲಿ.